ಮೂರನೇ ಮಹಡಿಯ ಮೇಜು

ಲಿಫ್ಟು ಕೆಟ್ಟುಹೋಗಿದ್ದ ಆ ವಾರ ಅವಳ ಮೇಜಿಗೆ ಸುಗ್ಗಿಯೋ ಸುಗ್ಗಿ.

ಆರು ಮಹಡಿಯ ಕಟ್ಟಡ. ಮೇಲೆ ಕಂಪ್ಯೂಟರ್ ಕ್ಲಾಸು, ಟ್ಯೂಷನ್ನು, ದಿನವಿಡೀ ಫೋನಿನಲ್ಲಿ ಮಾತಾಡುವ ಒಂದು ಆಫೀಸು. ಎಲ್ಲ ಕಡೆಯೂ ಆಗಷ್ಟೇ ಹದಿನೆಂಟು ದಾಟಿದ ಹುಡುಗ ಹುಡುಗಿಯರೇ. ಏದುಸಿರು ಬಿಡುತ್ತ ಮೂರನೇ ಮಹಡಿ ಮುಟ್ಟಿದವರಿಗೆ ಅವಳು ಕುರ್ಚಿ ಎಳೆದು ಕೊಡುವಳು. ಕೂತವರ ಮುಂದೆ ಮತದಾರರ ಪಟ್ಟಿಯ ಅರ್ಜಿಯನ್ನು ಮೆಲ್ಲಗೆ ಸರಿಸುವಳು. ಹಗಲೆಲ್ಲ ಚಿಕ್ಕಪ್ಪನ ಕನ್ನಡಕದಂಗಡಿಯಲ್ಲಿ ದುಡಿತ, ಸಂಜೆ ಅಂಗಡಿಯ ಬಾಗಿಲಲ್ಲೇ ಈ ಸ್ವಯಂಸೇವೆ. ಹುಡುಗರು ಅವಳನ್ನು ವೋಟಕ್ಕ ಎಂದು ಕರೆಯುತ್ತಿದ್ದರು.

ಸೋಮವಾರ ಲಿಫ್ಟು ಸರಿಹೋಯಿತು. ಹುಡುಗರೆಲ್ಲ ಸರ್ರನೆ ಮೇಲೆ ಹೋದರು. ಮೇಜು ಭಣಭಣ.

ಚೀಲ ಹೆಗಲಿಗೇರಿಸಿ ಹೊರಟಿದ್ದ ಮೆಕ್ಯಾನಿಕ್ಕನನ್ನು ಅವಳು ತಡೆದಳು.

"ನಿಮಗೆ ಅಷ್ಟೊಂದು ಅವಸರ ಏನಿತ್ತು?"

"ಕೆಟ್ಟಿದೆ ಅಂತ ಬೈಸಿಕೊಂಡಿದೀನಿ. ಸರಿಮಾಡಿದ್ದಕ್ಕೆ ಬೈಸಿಕೊಂಡಿದ್ದು ಇದೇ ಮೊದಲು."

"ಇನ್ನೊಂದು ವಾರ ಬಿಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ನೋಡಿ, ಒಂದು ನೊಣಾನೂ ಇಲ್ಲ ಇಲ್ಲಿ."

ಅವನು ಖಾಲಿ ಕುರ್ಚಿಯನ್ನು ನೋಡಿದ. ಆಮೇಲೆ ಅವಳನ್ನು. ಸಂಜೆಯ ಬಿಸಿಲು ಅಂಗಡಿಯ ಗಾಜುಗಳನ್ನು ಹಾದು ಅವನ ಅಂಗಿಯ ಮೇಲೆ ಸಣ್ಣ ಸಣ್ಣ ಬೆಳಕಿನ ಬಿಲ್ಲೆಗಳನ್ನು ಅಂಟಿಸಿತ್ತು. ಕೋಪದಲ್ಲಿದ್ದರೂ ಅವಳು ಅದನ್ನು ಗಮನಿಸಿದಳು. ಗಮನಿಸಿದ್ದಕ್ಕೆ ತನ್ನ ಮೇಲೇ ಕೋಪ ಬಂತು.

ಮರುದಿನದಿಂದ ಮೇಲೇರುವ ಲಿಫ್ಟು ಯಾರೂ ಗುಂಡಿ ಒತ್ತದಿದ್ದರೂ ಮೂರನೇ ಮಹಡಿಯಲ್ಲಿ ನಿಂತು ಬಾಗಿಲು ತೆರೆಯತೊಡಗಿತು. ತೆರೆದ ಬಾಗಿಲಿಗೆ ನೇರವಾಗಿ ಅವಳ ಮೇಜು, ಅವಳ ನಗು. ಹುಡುಗರು ತಪ್ಪಿಸಿಕೊಳ್ಳಲಾರದೆ ಇಳಿದರು.

"ಇದು ನಿಮ್ಮ ಕಿತಾಪತಿ ತಾನೆ?"

"ಓನರ್ ಹತ್ರ ಕೇಳೇ ಮಾಡಿದ್ದು. ಅರ್ಜಿ ಮುಗಿಯೋವರೆಗೆ ಮಾತ್ರ," ಎಂದ ಅವನು. "ಮತ್ತೆ ದಿನಾ ಬಂದು ಚೆಕ್ ಮಾಡ್ಬೇಕಾಗುತ್ತೆ. ಕೆಲಸ ಅಂದ್ರೆ ಕೆಲಸ."

ದಿನವೂ ಬಂದ. ಒಂದು ನಿಮಿಷದ ಕೆಲಸಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು. ಲಿಫ್ಟಿನ ಕನ್ನಡಿಯಲ್ಲಿ ಅವನು ಅವಳನ್ನು ನೋಡುವನು. ಕನ್ನಡಿಯಲ್ಲೇ ಅವಳ ಕಣ್ಣಿಗೆ ಸಿಕ್ಕಿಬೀಳುವನು. ಆಗ ಇಬ್ಬರೂ ನೆಲ ನೋಡುವರು.

"ಊರವರನ್ನೆಲ್ಲ ಇಲ್ಲಿ ಇಳಿಸ್ತೀರಿ. ನಿಮ್ಮ ಹೆಸರು ಯಾವ ಊರಿನ ಪಟ್ಟೀಲಿದೆ?" ಎಂದು ಅವಳು ಕೇಳಿದಳು.

"ಎಲ್ಲೂ ಇಲ್ಲ. ಕಂಪನಿ ಕಳಿಸಿದ ಕಡೆ ರೂಮು. ಒಂದೇ ಊರು ಬರೀಬೇಕಾ?"

"ಒಂದೇ. ಎರಡು ದೋಣೀಲಿ ಕಾಲಿಡೋ ಹಾಗಿಲ್ಲ."

ಅವನು ನಗಲಿಲ್ಲ.

ಅರ್ಜಿಗೆ ಕೊನೆಯ ದಿನ. ಸಂಜೆ ನೂಕುನುಗ್ಗಲು ಕರಗಿದ ಮೇಲೆ ಅವನು ಬಂದು ಕುರ್ಚಿಯ ತುದಿಯಲ್ಲಿ ಕೂತ.

"ಇಲ್ಲೇ ಪರ್ಮನೆಂಟಾಗಿ ಇರ್ತೀಯೋ, ಬಂದರಿನ ಊರಿಗೆ ಹೋಗ್ತೀಯೋ ಅಂತ ಆಫೀಸಲ್ಲಿ ಕೇಳಿದಾರೆ. ಇವತ್ತೇ ಹೇಳ್ಬೇಕು." ದನಿ ತಗ್ಗಿತು. "ನಾನು ಯಾವ ಊರು ಬರೀಲಿ?"

ಇಲ್ಲೇ ಎನ್ನಬೇಕೆನಿಸಿತು ಅವಳಿಗೆ. ಬಾಯಿಗೆ ಬಂದದ್ದು ಮಾತ್ರ ತಿಂಗಳಿಡೀ ಒಪ್ಪಿಸಿದ ಪಾಠ. ಯಾರಿಗೆ ವೋಟು ಹಾಕಲಿ ಎಂದು ಕೇಳಿದ ಪ್ರತಿ ಹುಡುಗನಿಗೂ ಅವಳು ಹೇಳುತ್ತಿದ್ದುದು ಅದನ್ನೇ.

"ಅದು ನಿಮ್ಮ ಆಯ್ಕೆ. ನಾವು ಹೀಗೆ ಮಾಡಿ ಅಂತ ಯಾರಿಗೂ ಹೇಳಬಾರದು."

ಅವನು "ಸರಿ," ಎಂದು ಎದ್ದು ಲಿಫ್ಟಿನೊಳಗೆ ಹೋದ. ಬಾಗಿಲು ಮುಚ್ಚಿಕೊಂಡಿತು.

ಒಳಗಿನಿಂದ ಚಿಕ್ಕಪ್ಪ ಕನ್ನಡಕ ಹಣೆಗೇರಿಸಿ ಇಣುಕಿದ. "ಏನೇ ತಾಯಿ, ಆ ಹುಡುಗ ಕೇಳಿದ್ದೇನು, ನೀನು ಹೇಳಿದ್ದೇನು? ಊರಿಗೆಲ್ಲ ಕಣ್ಣು ಟೆಸ್ಟ್ ಮಾಡ್ತೀಯ, ಎದುರಿಗಿರೋದು ಕಾಣಲ್ವಾ?"

ಅವಳು ಕೊರಳಲ್ಲಿದ್ದ ಸ್ವಯಂಸೇವಕಿಯ ಬಿಲ್ಲೆಯನ್ನು ಕಳಚಿ ಮೇಜಿನ ಮೇಲೆ ಎಸೆದಳು. ಎರಡೆರಡು ಮೆಟ್ಟಿಲು ಹಾರಿ ಇಳಿದಳು. ಅವನು ಬೀದಿಯಂಚಿನಲ್ಲಿ ಫೋನು ಕಿವಿಗಿಟ್ಟು ನಿಂತಿದ್ದ. ಸಂಜೆ ಜೇನಿನ ಬಣ್ಣಕ್ಕೆ ತಿರುಗಿತ್ತು. ಸೈಕಲ್ಲುಗಳು, ಮನೆಗೆ ಮರಳುವ ಜನ, ಎಲ್ಲವೂ ಕನಸಿನಲ್ಲಿ ತೇಲಿದಂತೆ ಅವಳ ಪಕ್ಕದಲ್ಲಿ ಸರಿದುಹೋದವು.

"ಒಂದು ನಿಮಿಷ," ಎಂದಳು ಏದುಸಿರಿನಲ್ಲೇ. "ಈಗ ನಾನು ಸ್ವಯಂಸೇವಕಿ ಅಲ್ಲ. ಪ್ರಚಾರಕ್ಕೆ ಬಂದಿದೀನಿ."

ಅವನು ಫೋನನ್ನು ಎದೆಗೆ ಒತ್ತಿಕೊಂಡ. "ಯಾರ ಪರವಾಗಿ?"

"ನನ್ನ ಪರವಾಗೇ. ಇಲ್ಲೇ ಇರಿ."

"ಗೆದ್ದೋರೆಲ್ಲ ಆಮೇಲೆ ಮುಖ ತೋರಿಸಲ್ಲ ಅಂತಾರೆ."

"ನಾನು ದಿನಾ ತೋರಿಸ್ತೀನಿ. ನಿಮಗೇ ಸಾಕು ಸಾಕಾಗೋಷ್ಟು."

ಅವನ ನಗು ಮೊದಲು ಕಣ್ಣಿಗೆ ಬಂತು, ತುಟಿಗೆ ಇಳಿಯಲು ತಡವಾಯಿತು. ಫೋನನ್ನು ಮತ್ತೆ ಕಿವಿಗಿಟ್ಟ.

"ಸಾರ್, ಬಂದರಿಗೆ ಬೇರೆಯವರನ್ನ ಕಳಿಸಿ. ನಾನು ಇಲ್ಲೇ ಇರ್ತೀನಿ."

ಇರೋದಕ್ಕೆ ರೂಮು ಸಿಕ್ಕಿತಾ ಎಂದು ಆಚೆಯಿಂದ ಕೇಳಿದರು. ಅವನು ಅವಳನ್ನು ನೋಡುತ್ತಲೇ ಉತ್ತರಿಸಿದ.

"ಮನೆ ಸಿಕ್ಕಿತು ಸಾರ್."