ದೇವರ ಗಡಿಗೆಯ ಕಲ್ಲು

“ಸಲೋಮಿ, ದೇವರ ಹಿಡಿ ತಗದಿ ಏನ?” ಒಲೆಯ ಮುಂದಿನಿಂದ ಅವ್ವ ಕೇಳಿದಳು.

ಸಲೋಮಿ ಮೊರದಲ್ಲಿ ರೇಶನ್ ಅಕ್ಕಿ ಆರಿಸುತ್ತಿದ್ದಳು. ದಿನಾ ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿ ದೇವರ ಗಡಿಗೆಗೆ ಹೋಗಬೇಕು. ಭಾನುವಾರ ಅದನ್ನು ಚರ್ಚಿಗೆ ಒಯ್ದು ದೊಡ್ಡ ಡಬ್ಬಿಯಲ್ಲಿ ಸುರಿಯಬೇಕು. ಬೈಲಹೊಂಗಲದ ಆ ಸಣ್ಣ ಚರ್ಚಿನ ಎಲ್ಲ ಮನೆಗಳಲ್ಲೂ ಇದೇ ರೂಢಿ.

ಆದರೆ ಅಪ್ಪ ಸಂಗೊಳ್ಳಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋಗಿ, ಮೇಲಿಂದ ಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕುಳಿತಿದ್ದ. ಮನೆಯ ಅಕ್ಕಿಡಬ್ಬಿಯ ತಳ ಕಾಣುತ್ತಿತ್ತು. ಗಂಜಿಯಲ್ಲಿ ಅಗಳನ್ನು ಹುಡುಕಬೇಕಾಗಿತ್ತು.

“ಅವ್ವಾ, ನಮಗ ಇಲ್ಲ. ದೇವರಿಗೆ ಯಾಕ?”

“ನಮಗ ಅಕ್ಕಿ ಇಲ್ಲಂದ್ರ ದೇವರೂ ಇಲ್ಲೇನು? ಸುಮ್ನ ಹಾಕ.”

“ಹಂಗಾರ ನಾನ ಹಾಕತೇನಿ. ನನ್ನ ಹಿಡಿ ಸಣ್ಣದು.”

ಹೊರಸಿನ ಮೇಲಿದ್ದ ಅಪ್ಪ ನಕ್ಕ. “ಇಕಿ ವಕೀಲ ಆಗತಾಳ ನೋಡ.”

ಸಲೋಮಿ ಅಷ್ಟಕ್ಕೇ ಬಿಡಲಿಲ್ಲ. ಆರಿಸಿದ ಅಕ್ಕಿಯನ್ನು ಅನ್ನಕ್ಕೆ ಕೊಟ್ಟು, ಮೊರದ ತುದಿಯಲ್ಲಿ ಉಳಿದ ಕಲ್ಲುಗೂಡಿದ ಅಕ್ಕಿಯನ್ನು ಗಡಿಗೆಗೆ ಹಾಕಿದಳು. ಒಡೆದ ತನ್ನ ಹಸಿರು ಬಳೆಯ ಚೂರೊಂದು ಅದರ ಜೊತೆಗೇ ಒಳಗೆ ಹೋಯಿತು. ತೆಗೆಯಲಿಲ್ಲ. ಡಬ್ಬಿಯ ಅಕ್ಕಿಯನ್ನೆಲ್ಲ ಪಾಸ್ಟರೇ ತಿನ್ನುತ್ತಾರೆ, ಅದಕ್ಕೇ ಅಷ್ಟು ದಪ್ಪ ಇದ್ದಾರೆ ಎಂದು ಅವಳು ತಿಳಿದಿದ್ದಳು. ವಾರವಿಡೀ ಹೀಗೇ ನಡೆಯಿತು.

ಭಾನುವಾರ ಬೇರೆಯವರ ಅಕ್ಕಿ ಡಬ್ಬಿಯಲ್ಲಿ ಸರಸರ ಬಿತ್ತು. ಸಲೋಮಿಯದು ಟಣಟಣ ಎಂದಿತು.

“ನಿಮ್ಮ ಅಕ್ಕಿ ಭಾಳ ಗಟ್ಟಿ ಅದಾವಲ್ಲವಾ,” ಎಂದರು ಪಾಸ್ಟರು. ಸಲೋಮಿ ಅವ್ವನ ಸೆರಗಿನ ಹಿಂದೆ ಸರಿದಳು.

ಮರುದಿನ ಮನೆಯ ಡಬ್ಬಿ ಪೂರ್ತಿ ಬರಿದಾಯಿತು. ಆದರೂ ಅವ್ವ ಒಲೆ ಹೊತ್ತಿಸಿ, ಎಸರಿಗಿಟ್ಟು, ಕಣ್ಣು ಮುಚ್ಚಿ ಕೈ ಜೋಡಿಸಿದಳು.

“ನೀರಷ್ಟ ಐತೆಲ್ಲ ಅವ್ವಾ?”

“ನೀರು ಕಾಯಲಿ. ಅಕ್ಕಿ ಬಂದಾಗ ತಡಾ ಆಗಬಾರದು.”

ನೀರು ಕುದಿಯುವ ಹೊತ್ತಿಗೆ ಅಂಗಳದಲ್ಲಿ ಸೈಕಲ್ಲಿನ ಗಂಟೆ ಕೇಳಿಸಿತು. ಪಾಸ್ಟರು ಏದುಸಿರು ಬಿಡುತ್ತ ಕ್ಯಾರಿಯರಿನಿಂದ ಒಂದು ಚೀಲ ಇಳಿಸಿದರು.

“ಈ ಸಲದ ಹಿಡಿಅಕ್ಕಿ ನಿಮ್ಮ ಮನಿಗೆ, ತಂಗಿ. ಹೋದ ಸಲ ಮುದಕವ್ವಗ ಕೊಟ್ಟಿದ್ವಿ.”

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಲೋಮಿ ಮಾತ್ರ ಓಡಿಹೋಗಿ ಮೊರ ತಂದಳು.

“ಅವ್ವಾ, ಆರಿಸಿ ಕೊಡ್ಲೇನು?”

“ಬ್ಯಾಡ. ದೇವರಿಗೆ ಕೊಡೂ ಅಕ್ಕಿ ಎಲ್ಲಾರೂ ಆರಿಸೇ ಕೊಟ್ಟಿರತಾರ,” ಎಂದು ಅವ್ವ ಅಕ್ಕಿಯನ್ನು ತೊಳೆದು ಎಸರಿಗೆ ಹಾಕಿಯೇ ಬಿಟ್ಟಳು.

ಊಟಕ್ಕೆ ಕುಳಿತರು. ಪ್ರಾರ್ಥನೆ ಮುಗಿಸಿ ಅಪ್ಪ ಮೊದಲ ತುತ್ತು ಬಾಯಿಗಿಟ್ಟ.

ಕಟಕ್.

“ಇರಲಿ,” ಎಂದ ಅಪ್ಪ. ಇನ್ನೊಂದು ತುತ್ತು. ಕಟಕ್.

“ಹಸಿದವರಿಗೆ ದೇವರು ಕಲ್ಲು ಕೊಡಂಗಿಲ್ಲ,” ಅಪ್ಪ ದವಡೆ ಹಿಡಿದುಕೊಂಡ. “ಇದು ಯಾರೋ ಮನಷ್ಯಾರದ ಕೆಲಸ. ಕಾಲು ಹೋತು, ಈಗ ಹಲ್ಲಿಗೂ ಪ್ಲಾಸ್ಟರ್ ಹಾಕಸಬೇಕು.”

ಅಷ್ಟರಲ್ಲಿ ಅವ್ವ ತನ್ನ ತಾಟಿನಿಂದ ಏನನ್ನೋ ಎತ್ತಿ ದೀಪಕ್ಕೆ ಹಿಡಿದಳು. ಹಸಿರು ಬಳೆಯ ಚೂರು. ಸಲೋಮಿಯ ಮುಂಗೈ ಕಡೆ ನೋಡಿದಳು. ಚೂರನ್ನು ಬದಿಗಿಟ್ಟು ಮತ್ತೆ ಊಟ ಮಾಡತೊಡಗಿದಳು.

ಸಲೋಮಿ ತಾಟು ನೋಡಿದಳು. ದಪ್ಪ ಅಗಳು, ಸಣ್ಣ ಅಗಳು, ಕೆಂಪು ಅಗಳು. ಎಷ್ಟೋ ಮನೆಗಳ ಅನ್ನ ಒಂದೇ ತಾಟಿನಲ್ಲಿತ್ತು. ಕಲ್ಲು ಮಾತ್ರ ತಮ್ಮ ಮನೆಯವು. ಅವಳು ಸದ್ದಾಗದಂತೆ ಅಗಿದಳು.

ಮರುದಿನ ದೇವರ ಹಿಡಿ ತೆಗೆಯಲು ಅವ್ವ ಚೀಲಕ್ಕೆ ಕೈ ಹಾಕಿದಳು.

“ತಡಿ ಅವ್ವಾ.” ಸಲೋಮಿ ಅಕ್ಕಿಯನ್ನು ಮೊರಕ್ಕೆ ಸುರುವಿಕೊಂಡು, ಮೂಗು ತಾಗುವಷ್ಟು ಬಗ್ಗಿ ಆರಿಸತೊಡಗಿದಳು.

“ವಕೀಲರ, ಒಲಿ ಆರಾಕ ಹತ್ತೈತಿ,” ಹೊರಸಿನಿಂದ ಅಪ್ಪ ಕೂಗಿದ.

“ಇನ್ನೊಂದ ಕಲ್ಲ ಐತಿ ಅಪ್ಪಾ.” ಅದನ್ನೂ ತೆಗೆದು ಅಂಗಳಕ್ಕೆ ಎಸೆದಳು.

“ಆತಿಲ್ಲ? ಇನ್ನ ಗಡಿಗಿಗೆ ಹಾಕ,” ಎಂದಳು ಅವ್ವ.

ಸಲೋಮಿ ತನ್ನ ಕೈ ನೋಡಿಕೊಂಡಳು. ಮೊರವನ್ನು ಅವ್ವನ ಕಡೆ ಸರಿಸಿದಳು.

“ನೀನ ಹಾಕ ಅವ್ವಾ. ನಿನ್ನ ಹಿಡಿ ದೊಡ್ಡದು.”