ಕುಲುಮೆಯ ಮಾಂತ್ರಿಕನೂ ಹೊನ್ನಯ್ಯನ ಪಾದಗಳೂ

ಬಹಳ ಬಹಳ ಹಿಂದೆ, ಭೂಮಿ ತೆಂಕಣಕ್ಕೆ ಮುಗಿದುಹೋಗುವ ಕಡೆ, ಪೆಂಗ್ವಿನ್‌ಗಳದೊಂದು ರಾಜ್ಯವಿತ್ತು. ಆ ರಾಜ್ಯಕ್ಕೆ ಮಣ್ಣಿರಲಿಲ್ಲ. ಕಡಲ ಮೇಲೆ ಹೆಪ್ಪುಗಟ್ಟಿದ ಮಂಜುಗಡ್ಡೆಯೇ ನೆಲ, ಅದೇ ಅಂಗಳ, ಅದೇ ಬಾಣಂತಿಕೋಣೆ. ಹೆಂಡತಿ ಮೊಟ್ಟೆಯಿಟ್ಟು ಮೀನಿಗೆ ಹೋದರೆ, ಗಂಡ ಅದನ್ನು ಪಾದದ ಮೇಲಿಟ್ಟುಕೊಂಡು, ಹೊಟ್ಟೆಯ ಮಡಿಕೆ ಹೊದಿಸಿ, ಚಳಿಗಾಲವಿಡೀ ಉಪವಾಸ ನಿಲ್ಲುತ್ತಿದ್ದ. ಮರಿಗೆ ಮೊದಲು ಬರುವುದು ಬರೀ ತುಪ್ಪಳ. ನೀರಿಗೆ ಬಿದ್ದರೆ ಅದು ನೆನೆದು, ಮರಿ ಮುಳುಗಿಹೋಗುತ್ತದೆ. ಗಟ್ಟಿ ಗರಿ ಬರುವವರೆಗೆ ನೆಲ ಒಡೆಯಬಾರದು, ಅಷ್ಟೇ.

ಆ ವರ್ಷ ನೆಲ ಬೇಗನೆ ಒಡೆಯತೊಡಗಿತು.

ಹೊನ್ನಯ್ಯ ಆಗಷ್ಟೇ ತುಪ್ಪಳಿ ಎಂಬ ತನ್ನ ಹೆಣ್ಣುಮರಿಯನ್ನು, ಕಡಲಿನಿಂದ ಬಂದ ಹೆಂಡತಿ ಸಿರಿಯಮ್ಮನ ಪಾದಕ್ಕೆ ದಾಟಿಸಿದ್ದ. ದೂರದಲ್ಲಿ ಲಟ್ ಎಂದಿತು.

"ಏನ್ರೀ ಅದು?"

"ಏನಿಲ್ಲ ಕಣೇ," ಎಂದ. ಆದರೆ ಅವನ ಕಣ್ಣು ಮಂಜಿನಲ್ಲಿ ಬಿರುಕು ಹುಡುಕುತ್ತಿತ್ತು.

ಮುದಿ ರಾಣಿ ಎಲ್ಲರನ್ನೂ ಕರೆದಳು. "ಕಡಲ ತಳದಲ್ಲಿ, ಮೂರು ಬಾಗಿಲಿನ ಗುಹೆಯಲ್ಲಿ ಅಗ್ನಿಜಂಘನೆಂಬ ಮಾಂತ್ರಿಕ ಕುಲುಮೆ ಹೂಡಿದ್ದಾನೆ. ಈ ವರ್ಷ ಉರಿ ಹೆಚ್ಚಿಸಿದ್ದಾನೆ, ಆ ಕಾವಿಗೇ ನಮ್ಮ ನೆಲ ಒಡೆಯುತ್ತಿದೆ. ಅವನ ಪ್ರಾಣ ಒಂದು ಬಿಳಿ ಉಂಡೆಯಲ್ಲಿದೆ. ಅದನ್ನು ಬಂಡೆಗೆ ಅಪ್ಪಳಿಸಿದರೆ ಬೆಂಕಿ ಆರುತ್ತದೆ. ಯಾರು ಹೋಗ್ತೀರಪ್ಪ?"

ಎಲ್ಲರೂ ತಮ್ಮ ಪಾದ ನೋಡಿಕೊಂಡರು. ಅಲ್ಲಿ ಮರಿಗಳಿದ್ದವು, ಅವುಗಳ ತಾಯಂದಿರು ಇನ್ನೂ ಬಂದಿರಲಿಲ್ಲ. ಹೊನ್ನಯ್ಯನ ಪಾದವೊಂದೇ ಖಾಲಿ.

"ಉಪವಾಸದ ಮೈ. ಒಂದು ಮೀನಾದರೂ ತಿನ್ನಬಾರದೇ?" ಎಂದಳು ಸಿರಿಯಮ್ಮ.

"ಬಂದು ತಿಂತೀನಿ. ನೀನು ಬಿರುಕಿನಿಂದ ದೂರ ನಿಲ್ಲು."

ಉಸಿರು ಹಿಡಿದ, ತಲೆ ತಗ್ಗಿಸಿದ, ಧುಮುಕಿದ. ಮೊದಲ ಬಾಗಿಲಲ್ಲಿ ಚಿರತೆಮುಖದ ಸೀಲ್ ಬಾಯ್ತೆರೆದು ಬಂತು. ಬಡಕಲಾಗಿದ್ದ ಹೊನ್ನಯ್ಯ ಇಕ್ಕಟ್ಟು ಸಂದಿಯಲ್ಲಿ ನುಸುಳಿದ, ಸೀಲಿನ ದಪ್ಪ ಮೈ ಸಿಕ್ಕಿಕೊಂಡಿತು. ಮೇಲೆ ಮಂಜು ಲಟ್ ಎಂದಿತು. ನನ್ನ ಮಗಳ ಕಾಲಡಿಯೋ, ಬೇರೆಯವರದೋ, ಅಂದುಕೊಂಡ.

ಉಸಿರು ಹಿಡಿದ, ತಲೆ ತಗ್ಗಿಸಿದ, ಮುಂದೆ ಹೋದ. ಎರಡನೆಯ ಬಾಗಿಲಲ್ಲಿ ಮಂತ್ರದ ಕತ್ತಲು. ಬಿಸಿ ಬರುವ ದಿಕ್ಕಿಗೆ ಮುಖ ಮಾಡಿ ಈಜಿದ. ಮೇಲೆ ಮಂಜು ಲಟಲಟ ಎಂದಿತು.

ಉಸಿರು ಹಿಡಿದ, ತಲೆ ತಗ್ಗಿಸಿದ, ನುಗ್ಗಿದ. ಮೂರನೆಯ ಬಾಗಿಲಲ್ಲಿ ಕುದಿನೀರು. ಬೆನ್ನು ಸುಟ್ಟರೂ ನಿಲ್ಲದೆ ಗುಹೆಯೊಳಗೆ ಬಿದ್ದ.

ಕುಲುಮೆ ಧಗಧಗ ಉರಿಯುತ್ತಿತ್ತು. ಅದರೆದುರು ಮಾಂತ್ರಿಕ ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದ! ಪಕ್ಕದಲ್ಲೇ ಬಿಳಿ ಉಂಡೆ. ಮಂತ್ರದ ಮಂಜು ಅದು, ಬೆಂಕಿಗೆ ಕರಗುವಂಥದ್ದಲ್ಲ. ಹೊನ್ನಯ್ಯ ಹಾರಿ ಕೊಕ್ಕಿನಿಂದ ಎಳೆದುಕೊಂಡ. ಇನ್ನು ಅಪ್ಪಳಿಸಬೇಕು.

ಅಪ್ಪನಾದ ಪೆಂಗ್ವಿನ್‌ಗೆ ಬುದ್ಧಿಯೆಲ್ಲ ಪಾದದಲ್ಲೇ. ದುಂಡಗೆ, ಬೆಳ್ಳಗೆ, ತಣ್ಣಗಿದ್ದುದನ್ನು ಕಂಡದ್ದೇ ತಡ, ಪಾದಗಳು ಅದನ್ನು ಮೇಲಕ್ಕೆ ಉರುಳಿಸಿಕೊಂಡವು, ಹೊಟ್ಟೆ ಮುಚ್ಚಿಕೊಂಡಿತು.

"ಅಯ್ಯೋ ನನ್ನ ಪೆದ್ದುತನವೇ!" ಎಂದು ಚೀರಿದ.

ಮಾಂತ್ರಿಕ ಇಕ್ಕಳ ಎತ್ತಿ ಬಂದವನು ಥಟ್ಟನೆ ನಿಂತ. ಎದೆ ಮುಟ್ಟಿಕೊಂಡ. "ಬೆಚ್ಚಗಾಗ್ತಿದೆ... ನೂರಾರು ವರ್ಷ ಉರಿಸಿದೆ, ಆಗಿರಲಿಲ್ಲ. ಬಿಡಬೇಡ ಕಣಯ್ಯ, ಹಾಗೇ ನಿಂತಿರು!"

"ಮೊದಲು ಬೆಂಕಿ ಆರಿಸು."

"ಆರಿಸಿದರೆ ಚಳಿಗೆ ಸಾಯ್ತೀನಿ."

"ಉರಿಸಿದರೆ ನನ್ನ ಮಗಳು ಸಾಯ್ತಾಳೆ. ಆರಿಸು!"

ಮಾಂತ್ರಿಕ ಅಳುತ್ತಲೇ ಕುಲುಮೆಗೆ ಕಡಲನ್ನು ಬಿಟ್ಟ. ಹೊನ್ನಯ್ಯನ ಹೊಟ್ಟೆಯಡಿ ಉಂಡೆ ಕರಗಿ ಪ್ರಾಣ ಮಾಂತ್ರಿಕನ ಎದೆಗೆ ಮರಳಿತು, ಉಂಡೆಯೊಂದಿಗೆ ಮಂತ್ರವೂ ಕರಗಿತು. ಕಂಬಳಿಯೊಳಗೆ ಸಾಮಾನ್ಯ ಮುದುಕನೊಬ್ಬ ಉಳಿದ. ಅವನನ್ನೂ ಬೆನ್ನಿಗೇರಿಸಿಕೊಂಡು ಹೊನ್ನಯ್ಯ ಮೇಲೆ ಬಂದ.

ಮೇಲೆ ಹಿಮದ ಬಿರುಗಾಳಿ. ಏನೂ ಕಾಣದು. "ತುಪ್ಪಳೀ!" ಎಂದು ಕೂಗಿದ. ಗಾಳಿ ಆ ಕೂಗನ್ನು ನುಂಗಿತು. ಮತ್ತೆ ಕೂಗಿದ. ಮೂರನೆಯ ಸಲ ಕೂಗಿದಾಗ ಮಗಳ ತೆಳುವಾದ ಸಿಳ್ಳೆಯೊಂದು ಕೇಳಿತು. ಅತ್ತ ಓಡಿ ನೋಡಿದರೆ, ಬಿರುಕು ಸಿರಿಯಮ್ಮನ ಕಾಲುಗುರಿನವರೆಗೆ ಬಂದು ನಿಂತುಬಿಟ್ಟಿತ್ತು.

ಆಮೇಲೆ ರಾಜ್ಯವೆಲ್ಲ ನೆಮ್ಮದಿಯಾಗಿತ್ತು. ಮುದುಕ ಪೆಂಗ್ವಿನ್‌ಗಳ ಗುಂಪಿನ ನಡುವೆ ಬೆಚ್ಚಗಿದ್ದ. ಬೇಸಿಗೆ ಬಂತು, ಮರಿಗಳಿಗೆ ಗರಿ ಬಂತು, ಮಂಜು ತನ್ನ ಹೊತ್ತಿಗೆ ಒಡೆಯಿತು. ತುಪ್ಪಳಿ ನೀರಿಗೆ ಹಾರಿ, ಮುಳುಗಿ, ದೂರದಲ್ಲಿ ತಲೆಯೆತ್ತಿದಳು.

"ಅಪ್ಪಾ, ನೆಲ ಹೋಯ್ತಲ್ಲಪ್ಪ!"

"ಹೋಗಲಿ ಬಿಡು ಮಗಳೇ," ಎಂದ ಹೊನ್ನಯ್ಯ, "ಈಗ ನಿನಗದು ಬೇಕಾಗಿಲ್ಲ."