ಅಭ್ಯಾಸ ಎಂಬ ಮಾತು

ಅರಬಿ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ಮನಶ್ಶಾಸ್ತ್ರದ ಮೇಡಂ ತರಗತಿಯಲ್ಲಿದ್ದಳು. ಜವಾನ ಬಾಗಿಲಲ್ಲಿ ನಿಂತು, ಬೆಳಗಿನ ಜಾವ ಹೃದಯ ನಿಂತಿತಂತೆ ಎಂದಷ್ಟೇ ಹೇಳಿದ. ಅವಳ ಕೈಯ ಸೀಮೆಸುಣ್ಣ ಅರ್ಧ ವಾಕ್ಯಕ್ಕೇ ನಿಂತಿತು.

ಕಲಿಕೆಯ ಬಗ್ಗೆ ಇಬ್ಬರೂ ಸೇರಿ ಒಂದು ಪುಸ್ತಕ ಬರೆಯುತ್ತಿದ್ದರು. ಹಳೆಯ ಅರಬಿ ವಿದ್ವಾಂಸರ ವಿಚಾರ ಅವರದು, ಪಶ್ಚಿಮದ ಪ್ರಯೋಗಶಾಲೆಯ ವಿಚಾರ ಇವಳದು. ಮಗುವನ್ನು ಹೊಡೆದು ಕಲಿಸಿದರೆ ಅದು ಮೊದಲು ಕಲಿಯುವುದು ಸುಳ್ಳನ್ನೇ ಎಂದು ನಮ್ಮವರು ಎಂದೋ ಬರೆದಿಟ್ಟಿದ್ದಾರೆ ಎಂದು ಮೇಷ್ಟ್ರು ಬೀಗುತ್ತಿದ್ದರು. ನಮ್ಮವರು ಶಿಕ್ಷೆಯನ್ನು ಇಲಿಗಳ ಮೇಲೆ ಪರೀಕ್ಷಿಸಿ ನೋಡಿದ್ದಾರೆ ಎಂದು ಇವಳು ಚುಚ್ಚುತ್ತಿದ್ದಳು.

"ನಿಮ್ಮ ಇಲಿ ಸುಳ್ಳು ಹೇಳುತ್ತಾ?" ಎಂದು ಅವರು ಕೇಳಿದ ದಿನ ಅವಳಿಗೆ ನಗು ತಡೆಯಲಾಗಿರಲಿಲ್ಲ. ಅಂದೇ ಮನಸ್ಸು ಅವರತ್ತ ಜಾರಿತ್ತು...

ಒಂದು ಸಂಜೆ, ಕಾಗದಗಳನ್ನು ಜೋಡಿಸುತ್ತಾ, ಅವರು ತಲೆಯೆತ್ತದೆ ಹೇಳಿದರು.

"ನೀವು ನನಗೆ ಅಭ್ಯಾಸ ಆಗಿಬಿಟ್ಟಿದ್ದೀರಿ."

ಅಭ್ಯಾಸವೇ? ಗಂಟೆಯ ಸದ್ದಿಗೆ ಜೊಲ್ಲು ಸುರಿಸುವ ನಾಯಿಯ ಹಾಗೆಯೇ? ಬೇರೊಂದು ಮಾತಿಗೆ ಕಾದಿದ್ದ ಅವಳ ಮನಸ್ಸು ಮುರಿಯಿತು.

"ಅಭ್ಯಾಸ ತಾನೇ? ಬಿಡಿಸಬಹುದು ಬಿಡಿ."

ಮರುದಿನದಿಂದ ಅವಳು ಬೇರೆ ಕೋಣೆಯಲ್ಲಿ ಕುಳಿತಳು. ಪ್ರತಿಫಲ ಸಿಗದ ವರ್ತನೆ ತಾನಾಗಿ ಅಳಿಯುತ್ತದೆ ಎಂದು ಅವಳ ಶಾಸ್ತ್ರ ಹೇಳುತ್ತಿತ್ತು. ಆದರೂ ಮೇಷ್ಟ್ರು ದಿನವೂ ಬಾಗಿಲ ಬಳಿ ನಿಂತು, ಹೊರಟೆ ಎಂದು ಹೇಳಿಯೇ ಮನೆಗೆ ಹೋಗುತ್ತಿದ್ದರು. ನಿನ್ನೆಯೂ ಹೇಳಿದ್ದರು. ಅವಳು ಕತ್ತೆತ್ತಿರಲಿಲ್ಲ.

ಸಾವಿನ ಮನೆಯಲ್ಲಿ ಮೇಷ್ಟ್ರ ಅಕ್ಕ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪುಸ್ತಕ ನಿಂತದ್ದೇಕೆ ಎಂದು ಮೆಲ್ಲನೆ ಕೇಳಿದಳು. ಅವಳು ಎಲ್ಲವನ್ನೂ ಹೇಳಿದಳು. ತಾನು ಅವರಿಗೆ ಬರೀ ಅಭ್ಯಾಸವಾಗಿದ್ದೆ ಎಂದಳು.

"ಬರೀ ಅಂತೀಯಾ ತಾಯಿ?" ಎಂದಳು ಅಕ್ಕ. "ಕಲಿತದ್ದು ಜೀವದಲ್ಲಿ ಬೆರೆತು, ಮರೀತೀನಿ ಅಂದ್ರೂ ಮರೆಯೋಕಾಗದ ಹಾಗೆ ನಿಂತ್ರೆ, ಅದಕ್ಕೆ ಅರಬಿಯಲ್ಲಿ ಒಂದು ಮಾತಿದೆಯಂತೆ. ಅದನ್ನ ಅವನು ಅಭ್ಯಾಸ ಅಂತಿದ್ದ. ನಿಮ್ಮ ಪುಸ್ತಕದ ಮುಂದಿನ ಅಧ್ಯಾಯವೇ ಅದು. ನೀನು ಅಷ್ಟರಲ್ಲಿ ಎದ್ದು ಹೋದೆ. ಪ್ರಾರ್ಥನೆ ಬಿಟ್ರೆ ಇನ್ಯಾವುದಕ್ಕೂ ಅವನು ಆ ಮಾತು ಬಳಸಿದ್ದು ನಾನು ಕೇಳಿಲ್ಲ."



"ನನಗೆ ಹೇಳಬಹುದಿತ್ತಲ್ಲ ಅಕ್ಕಾ..."

"ಹೇಳಿದ್ನಲ್ಲ ತಾಯಿ."

ಅವಳು ಎದ್ದು ಮೇಷ್ಟ್ರ ಪಾದದ ಬಳಿ ಕುಳಿತು ಕಣ್ಣು ಮುಚ್ಚಿದಳು. ದೇವರೇ, ನನ್ನ ನಾಲಿಗೆ ಆಡದೆ ಉಳಿಸಿದ್ದನ್ನು ನೀನಾದರೂ ಇವರಿಗೆ ತಿಳಿಸು. ಇವರನ್ನು ನಿನ್ನ ನೆರಳಿಗೆ ಸೇರಿಸಿಕೋ. ಈ ಆತ್ಮಕ್ಕೆ ಶಾಂತಿ ಕೊಡು.